ಕಳ್ಳನ ಬಣ್ಣ

ಕಳ್ಳನ ಬಣ್ಣ ಯಾವುದು ಎಂದು ಯಾರಾದರೂ ಕೇಳಿದರೆ ನೀವು ತಬ್ಬಿಬ್ಬಾಗಬಹುದು. ವಿಭವನ ಸ್ಟುಡಿಯೋದಲ್ಲಿ ಯಾರೂ ತಬ್ಬಿಬ್ಬಾಗುತ್ತಿರಲಿಲ್ಲ. ಅಲ್ಲಿ ಅದಕ್ಕೊಂದು ಚೌಕವೇ ಇತ್ತು.

ಸ್ಟುಡಿಯೋ ಇದ್ದದ್ದು ಕಂಕನಾಡಿಯಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ. ಮಕ್ಕಳ ಕಥೆಗಳಿಗೆ, ಮೊಬೈಲ್ ಆಟಗಳಿಗೆ ಬೇಕಾದ ಪಾತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಬಣ್ಣ ತುಂಬಿಸಿ ಕೊಡುವುದು ಅಲ್ಲಿಯ ಕಸುಬು. ಒಂದೊಂದು ಪಾತ್ರಕ್ಕೂ ಮೈಬಣ್ಣವನ್ನು ಹೊಸದಾಗಿ ಹುಡುಕುತ್ತ ಕೂತರೆ ಕೆಲಸ ಮುಗಿಯುವುದು ಯಾವಾಗ? ಅದಕ್ಕೆಂದು ಎಲ್ಲರ ಪರದೆಯ ಬಲಮೂಲೆಯಲ್ಲಿ ಐದು ಚೌಕಗಳನ್ನು ಮಾಡಿಟ್ಟಿದ್ದರು: ಹೀರೋಯಿನ್, ಹೀರೋ, ಮಗು, ಅಜ್ಜಿ, ಕಳ್ಳ. ಹೀರೋಯಿನ್ ಹಾಲಿಗೆ ಹತ್ತಿರ, ಕಳ್ಳ ಕಾಫಿಪುಡಿಗೆ ಹತ್ತಿರ. ಹಿಂದೆ ಯಾವಾಗಲೋ ಪೊಲೀಸು ಕಳ್ಳರ ಕಥೆಯೊಂದನ್ನು ಮಾಡುವಾಗ ಯಾರೋ ಇಟ್ಟ ಹೆಸರುಗಳು. ಇಟ್ಟವನು ಕೆಲಸ ಬಿಟ್ಟು ಹೋಗಿಯೂ ಆಗಿತ್ತು, ಹೆಸರು ಮಾತ್ರ ಕೂತಲ್ಲೇ ಕೂತಿತ್ತು. ಕೆಟ್ಟ ಬುದ್ಧಿಯಿಂದ ಇಟ್ಟದ್ದಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಕೆಟ್ಟ ಬುದ್ಧಿ ಇಲ್ಲದವರೂ ಕೆಟ್ಟ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಬಲ್ಲರು ಎಂಬುದಕ್ಕೆ ಅದೊಂದು ಸಾಕ್ಷಿ.

ನಿರೀಕ್ಷಾ ಕೆಲಸಕ್ಕೆ ಸೇರಿದ ದಿನ ಆ ಚೌಕಗಳನ್ನು ನೋಡಿ, ಯಾರೂ ಗಮನಿಸುತ್ತಿಲ್ಲ ಎಂದುಕೊಂಡು, ತನ್ನ ಮುಂಗೈಯನ್ನು ಪರದೆಯ ಪಕ್ಕ ಹಿಡಿದಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ಕೈ ಐದನೆಯ ಚೌಕಕ್ಕೆ ಸರಿಯಾಗಿ ಹೊಂದಿತು.

"ನಂದೂ ಅದೇ ಮಾರಾಯ್ತಿ," ಎಂದ ಪಕ್ಕದ ಮೇಜಿನ ಡೆರಿಲ್. ಅವನು ಚಿತ್ರಗಳ ಹಿನ್ನೆಲೆ ಬಿಡಿಸುವವನು, ಮರ ಗುಡ್ಡ ಕಡಲು ಎಲ್ಲ ಅವನ ಕೈಯವು. "ನಾನು ನೋಡಿ ಆಯ್ತು. ನಾವಿಬ್ಬರೂ ಒಳಗೆ ಹಾಕುವ ಪಾರ್ಟಿ."

ಇಬ್ಬರೂ ನಕ್ಕಿದ್ದರು. ಆಗ ಅದು ನಗುವ ಸಂಗತಿಯೇ ಆಗಿತ್ತು.

ಈ ಏಪ್ರಿಲ್‌ನಲ್ಲಿ ಅವಳ ಕೈಗೆ ಅಪ್ಪಿ ಸಿಕ್ಕಿದಳು. ಬೆಂಗಳೂರಿನ ಕಂಪೆನಿಯೊಂದು ಮಕ್ಕಳಿಗಾಗಿ ಮಾಡಿಸುತ್ತಿದ್ದ ಕಥೆಯ ನಾಯಕಿ ಅವಳು. ದಾರಿ ತಪ್ಪಿದ ಕೋಣಗಳನ್ನು ಹುಡುಕಿ, ಸುಡುಬಿಸಿಲಿನಲ್ಲಿ ಕಡಲ ದಂಡೆಯುದ್ದಕ್ಕೂ ಅಟ್ಟಿಕೊಂಡು ಮನೆಗೆ ತರುವ ಹತ್ತು ಹನ್ನೆರಡರ ಹುಡುಗಿ. ಮುಖಪುಟದ ದೊಡ್ಡ ಚಿತ್ರಕ್ಕೆ ಬಣ್ಣ ತುಂಬಿಸುವ ಕೆಲಸ ಪೂರ್ತಿಯಾಗಿ ನಿರೀಕ್ಷಾಳದು. ಸೇರಿದ ಮೇಲೆ ಮೊದಲ ಸಲ ಅವಳಿಗೆ ಇಡೀ ಒಂದು ಪಾತ್ರ ಕೊಟ್ಟಿದ್ದರು, ಅದರಲ್ಲಿ ಅವಳಿಗೆ ಹೆಮ್ಮೆ ಇತ್ತು. ಬಿಸಿಲಲ್ಲಿ ಕೋಣ ಕಾಯುವ ಹುಡುಗಿ ಹಾಲಿನ ಬಣ್ಣದಲ್ಲಿ ಇರುವುದುಂಟೇ? ಅವಳು ಹಿಂದೆ ಮುಂದೆ ನೋಡದೆ ಐದನೆಯ ಚೌಕಕ್ಕೆ ಪೆನ್ನು ಒತ್ತಿದಳು.

ಮೊದಲ ಪ್ರಯತ್ನ ಕೆಟ್ಟಿತು. ನೆರಳಿಗೆಂದು ಆ ಬಣ್ಣಕ್ಕೆ ಕಪ್ಪು ಬೆರೆಸಿದಳು, ಬೆಳಕಿಗೆಂದು ಬಿಳಿ ಬೆರೆಸಿದಳು. ಹುಡುಗಿ ಒಲೆಯ ಬೂದಿಯಲ್ಲಿ ಹೊರಳಿ ಬಂದವಳ ಹಾಗೆ ಕಂಡಳು, ಜೀವವೇ ಇಲ್ಲ. ಕಪ್ಪು ಮೈಗೆ ಬಣ್ಣ ಹಾಕುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಚಿತ್ರಕಲಾ ಕಾಲೇಜಿನಲ್ಲಿ ಕಲಿಸಿದ್ದು ಗುಲಾಬಿ ಕೆನ್ನೆ, ಕೇಸರಿ ನೆರಳು.

ಶಕ್ತಿನಗರದ ಅವಳ ಮನೆಯಲ್ಲಿ ಮೂವರು. ಮಸ್ಕತ್ತಿನಲ್ಲಿ ದುಡಿದು ಬಂದು ಈಗ ಕುಲಶೇಖರದಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಅಪ್ಪ ಮೋಹನದಾಸ್, ಅಪ್ಪನ ತಾಯಿ ಬಾಗಿ, ಮತ್ತೆ ಅವಳು. ಆ ಭಾನುವಾರ ಅಜ್ಜಿ ಜಗಲಿಯಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದರು. ನಿರೀಕ್ಷಾ ಎದುರು ಕೂತು ಸುಮ್ಮನೆ ನೋಡತೊಡಗಿದಳು, ನೋಡುತ್ತ ನೋಡುತ್ತ ಎದ್ದು ಟ್ಯಾಬ್ಲೆಟ್ ತಂದಳು. ಅಜ್ಜಿಯ ಕೆನ್ನೆಯ ಮೂಳೆಯ ಮೇಲೆ ಬಿದ್ದ ಬೆಳಕು ಬಿಳಿ ಅಲ್ಲ, ತೆಳು ನೀಲಿ, ಆಕಾಶದ್ದು. ಬಿಸಿಲು ಕಿವಿಯ ಅಂಚನ್ನು ದಾಟಿ ಬರುವಲ್ಲಿ ಕೆಂಡದ ಕೆಂಪು. ಗಲ್ಲದ ಅಡಿಗೆ ಜಗಲಿಯ ಕೆಂಪು ಕಾವಿ ನೆಲದ ಛಾಯೆ ಮೇಲೆದ್ದು ಬಡಿಯುತ್ತಿತ್ತು. ಕತ್ತಿನ ಮಡಿಕೆಯ ಗಾಢ ನೆರಳಿನಲ್ಲಿ ಕೂಡ ಕಪ್ಪು ಎಂಬುದು ಎಳ್ಳಷ್ಟೂ ಇರಲಿಲ್ಲ, ಅದು ಒಣಗಿದ ಪುನರ್ಪುಳಿ ಸಿಪ್ಪೆಯ ಕಡುನೇರಳೆ ಬಣ್ಣ. ಇಷ್ಟು ವರ್ಷ ಈ ಮುಖವನ್ನು ಕಪ್ಪು ಎಂಬ ಒಂದೇ ಮಾತಿನಲ್ಲಿ ಮುಗಿಸಿದವರಿಗೆಲ್ಲ ಕಣ್ಣೇ ಇರಲಿಲ್ಲವೇ ಎಂದು ಅವಳಿಗೆ ಅನ್ನಿಸಿತು.

ಅಪ್ಪಿಗೆ ಜೀವ ಬಂತು. ಸೋಮವಾರ ಡೆರಿಲ್ ಚಿತ್ರ ನೋಡಿ, ಕೈಯಲ್ಲಿದ್ದ ಪಫ್ಸನ್ನು ತಿನ್ನುವುದನ್ನೇ ಬಿಟ್ಟು ನಿಂತ. ವಿಭವನೂ ನೋಡಿದ.

"ಸೂಪರ್ ಬಂದಿದೆ ನಿರೀಕ್ಷಾ. ಸುಳ್ಳು ಹೇಳುದಿಲ್ಲ ನಾನು," ಎಂದ. ಮರುದಿನ ಬಂದು ಅವಳ ಕುರ್ಚಿಯ ಹಿಂದೆ ನಿಂತು ತಲೆ ಕೆರೆದುಕೊಂಡ. "ಒಂದು ಸಣ್ಣ ಚೇಂಜ್ ಉಂಟು. ಕ್ಲೈಂಟಿಗೆ ಕಲರ್ ಸ್ವಲ್ಪ ಜಾಸ್ತಿ ಡಾರ್ಕ್ ಆಯ್ತಂತೆ. ಎರಡು ಶೇಡ್ ಬ್ರೈಟ್ ಮಾಡಿದ್ರೆ ಸಾಕು. ಸ್ಕಿನ್ ಲೇಯರ್ ಉಂಟಲ್ಲ, ಒಮ್ಮೆ ಎಳೆದುಬಿಡು."

ಇದು ಆ ಸ್ಟುಡಿಯೋದ ರಿವಾಜು. ಕಂಪ್ಯೂಟರಿನ ಚಿತ್ರವೆಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಿದ್ದ ಹಾಗೆ. ಅವನ್ನೇ ಲೇಯರ್ ಎನ್ನುವುದು. ಬಟ್ಟೆಗೊಂದು, ಕೂದಲಿಗೊಂದು, ಕೋಣಕ್ಕೊಂದು. ಚರ್ಮ ಮಾತ್ರ ಯಾವಾಗಲೂ ತನ್ನದೇ ಲೇಯರಿನಲ್ಲಿ ಇರಬೇಕು, ಅದರ ಹೆಸರು ಸ್ಕಿನ್ ಎಂದೇ ಇರಬೇಕು ಎಂಬುದು ವಿಭವನ ಕಟ್ಟಪ್ಪಣೆ. ಯಾಕೆಂದರೆ ಕ್ಲೈಂಟುಗಳು ಬೇರೇನು ಮರೆತರೂ 'ಸ್ವಲ್ಪ ಬ್ರೈಟ್ ಮಾಡಿ' ಎನ್ನುವುದನ್ನು ಮರೆಯುವುದಿಲ್ಲ. ಆಗ ಆ ಒಂದು ಲೇಯರಿನ ಸ್ಲೈಡರನ್ನು ಬಲಕ್ಕೆ ಎಳೆದರೆ ಆಯಿತು, ಬಟ್ಟೆಗೆ ಕೂದಲಿಗೆ ಏನೂ ಆಗದೆ ಪಾತ್ರ ಬೆಳ್ಳಗಾಗುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

"ಕೋಣ ಕಾಯುವವಳು ಸರ್ ಅವಳು," ಎಂದಳು ನಿರೀಕ್ಷಾ.

"ಗೊತ್ತುಂಟು ಮಾರಾಯ್ತಿ. ನನಗೆ ಎಂತ ಉಂಟು ಅದರಲ್ಲಿ? ನಾಳೆ ಮಧ್ಯಾಹ್ನ ಕಾಲ್ ಉಂಟು, ಅಷ್ಟರೊಳಗೆ ಮಾಡಿಡು."

ವಿಭವ ಕೆಟ್ಟವನಲ್ಲ. ದೇವಸ್ಥಾನದ ಅರ್ಚಕರಾದ ರಾಧಾಕೃಷ್ಣ ಭಟ್ಟರ ಮಗ, ಯಾರ ಮನಸ್ಸನ್ನೂ ನೋಯಿಸದೆ ಬದುಕಬೇಕೆಂದು ಕಲಿತವನು. ಅವನ ತೊಂದರೆಯೂ ಅದೇ. ಎಲ್ಲರನ್ನೂ ಮೆಚ್ಚಿಸಲು ಹೊರಟವನಿಗೆ ಯಾರಾದರೊಬ್ಬರನ್ನು ಅಳಿಸಲೇಬೇಕಾಗುತ್ತದೆ, ಅಳಿಸಲು ಸುಲಭವಾದವರನ್ನೇ ಅವನು ಅಳಿಸುತ್ತಿದ್ದ.

ಅವಳು ಸ್ಲೈಡರನ್ನು ಎರಡು ಶೇಡ್ ಎಳೆದು ನೋಡಿದಳು. ಅಪ್ಪಿ ಬೆಳ್ಳಗಾದಳು. ಕಿವಿಯ ಕೆಂಡ ಆರಿತು, ಕೆನ್ನೆಯ ಆಕಾಶ ಅಳಿಯಿತು. ಪರದೆಯ ಮೇಲೆ ಅವಳಿಗೆ ಚೆನ್ನಾಗಿ ಪರಿಚಯವಿದ್ದ ಒಂದು ಮುಖ ಉಳಿಯಿತು: ಮನೆಯ ಗೋಡೆಯ ಮೇಲಿನ ಫೋಟೋದ್ದು. ಅಪ್ಪ ಒಮ್ಮೆ ಅಜ್ಜಿಯ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಫೋಟೋದವನು ತನ್ನ ಕೈಚಳಕವನ್ನೆಲ್ಲ ಅದಕ್ಕೆ ಧಾರೆ ಎರೆದು, ಅಜ್ಜಿಯನ್ನು ಯಾರೋ ಬ್ಯಾಂಕ್ ಮ್ಯಾನೇಜರರ ತಾಯಿಯ ಹಾಗೆ ಮಾಡಿ ಕೊಟ್ಟಿದ್ದ. ಮನೆಗೆ ಬಂದವರೆಲ್ಲ ಅಜ್ಜಿಯ ಎದುರೇ ನಿಂತು, "ಇದು ಯಾರು?" ಎಂದು ಕೇಳುತ್ತಾರೆ. ನಿರೀಕ್ಷಾ ಸ್ಲೈಡರನ್ನು ಹಿಂದಕ್ಕೆ ತಳ್ಳಿ ಮನೆಗೆ ಹೊರಟಳು.

ಅಜ್ಜಿ ತನ್ನ ಕಡೆ ನಿಲ್ಲುತ್ತಾರೆ ಎಂದು ಅವಳು ನಂಬಿದ್ದಳು. ಸಂಜೆ ಜಗಲಿಯಲ್ಲಿ ಟ್ಯಾಬ್ಲೆಟ್ ತೆರೆದು ಅಪ್ಪಿಯನ್ನು ತೋರಿಸಿದಳು. ಮನೆಯಲ್ಲಿ ಮಾತು ತುಳುವಿನಲ್ಲಿ, ಅದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೆ.

ಅಜ್ಜಿ ತುಂಬ ಹೊತ್ತು ನೋಡಿದರು. "ಚಂದ ಉಂಟು. ಆದರೆ ಇಷ್ಟು ಕಪ್ಪು ಎಂತಕ್ಕೆ ಮಗಾ?"

ಕೆನ್ನೆಗೆ ಹೊಡೆದ ಹಾಗಾಯಿತು. "ಅಜ್ಜೀ, ಇದು ನಿಮ್ಮದೇ ಬಣ್ಣ! ನಿಮ್ಮನ್ನೇ ನೋಡಿ ಮಾಡಿದ್ದು."

"ಅದಕ್ಕೇ ಹೇಳಿದ್ದು." ಅಜ್ಜಿ ಟ್ಯಾಬ್ಲೆಟನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟರು. "ನಾವು ಕುಲಶೇಖರದಲ್ಲಿ ಗದ್ದೆ ಕೆಲಸಕ್ಕೆ ಹೋಗುವಾಗ ಬಾಗಿ ಅಂತ ಇಬ್ಬರಿದ್ದೆವು. ಬಿಳಿ ಬಾಗಿ ಒಬ್ಬಳು, ಕಪ್ಪು ಬಾಗಿ ನಾನು. ಒಂದು ದಿನ ಧಣಿಗಳ ಮನೆಯ ಹಿತ್ತಾಳೆ ಗಿಂಡಿ ಕಾಣೆ ಆಯ್ತು. ನಾವಿಬ್ಬರೂ ಒಟ್ಟಿಗೇ ಅಂಗಳ ದಾಟುತ್ತಾ ಇದ್ದೆವು. ಇಬ್ಬರ ತಲೆಯ ಮೇಲೂ ಬುಟ್ಟಿ. ಇಳಿಸಿದ್ದು ನನ್ನದು ಮಾತ್ರ."

ನಿರೀಕ್ಷಾ ಈ ಕಥೆಯನ್ನು ಕೇಳಿಯೇ ಇರಲಿಲ್ಲ. ಅಂಗಡಿಯಿಂದ ಆಗಷ್ಟೇ ಬಂದಿದ್ದ ಅಪ್ಪನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಚಪ್ಪಲಿ ಬಿಚ್ಚದೆ ಮೆಟ್ಟಿಲಲ್ಲೇ ನಿಂತಿದ್ದರು.

"ಎಲ್ಲರ ಎದುರು ಅಂಗಳಕ್ಕೆ ಸುರಿದರು. ಎಂತ ಇತ್ತು ಅದರಲ್ಲಿ? ಎರಡು ಹಿಡಿ ಅವಲಕ್ಕಿ, ಬಸಳೆ, ಆಗ ಕೂಸಾಗಿದ್ದ ನಿನ್ನ ಅಪ್ಪನ ಒದ್ದೆ ಬಟ್ಟೆ. ಗಿಂಡಿ ಮರುದಿನ ಬಾವಿಕಟ್ಟೆಯ ಹಿಂದೆ ಸಿಕ್ಕಿತು. ಸಿಕ್ಕಿತು ಅಂತ ನನಗೆ ಯಾರೂ ಹೇಳಲಿಲ್ಲ." ಅಜ್ಜಿ ಎಲೆಗೆ ಸುಣ್ಣ ಸವರಿದರು. "ಆಮೇಲೆ ಅಲ್ಲಿಂದ ಬರುವಾಗ ನಾನು ಬುಟ್ಟಿಯನ್ನು ಕವುಚಿ ಹಾಕಿ ತಲೆ ಮೇಲೆ ಇಟ್ಟುಕೊಂಡು ಬರುವುದು. ಖಾಲಿ ಉಂಟು ಅಂತ ಊರಿಗೇ ಕಾಣಬೇಕಲ್ಲ. ಅಲ್ಲಿ ಕೆಲಸ ಬಿಡುವವರೆಗೂ ಹಾಗೆಯೇ. ಈ ಮಗುವನ್ನು ಬೆಳ್ಳಗೆ ಮಾಡಿಬಿಡು ಮಗಾ. ಅವಳ ಬುಟ್ಟಿಯನ್ನು ಯಾರೂ ಇಳಿಸುವುದು ಬೇಡ."

ನಿರೀಕ್ಷಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತುಹೋದ ಧಣಿಗಳ ಮೇಲೆ, ಫೋಟೋದವನ ಮೇಲೆ, ಆ ಐದನೆಯ ಚೌಕದ ಮೇಲೆ, ಅದನ್ನು ನೋಡಿ ನಕ್ಕಿದ್ದ ತನ್ನ ಮೇಲೆ. ಬುಟ್ಟಿ ಇಳಿಸಿದವರು ಅವರು, ಬೆಳ್ಳಗಾಗಬೇಕಾದವಳು ಅಪ್ಪಿಯಂತೆ! ಯಾವ ಊರಿನ ನ್ಯಾಯ ಇದು?

ಮರುದಿನ ಬೆಳಿಗ್ಗೆ ಬೇಕರಿಯವರು ಬಾಗಿಲು ತೆರೆಯುವ ಹೊತ್ತಿಗೇ ಅವಳು ಸ್ಟುಡಿಯೋದಲ್ಲಿದ್ದಳು. ಅಪ್ಪಿಯ ಫೈಲು ತೆರೆದು ಎಲ್ಲ ಲೇಯರುಗಳನ್ನೂ ಒಂದಕ್ಕೊಂದು ಬೆಸೆದು ಒಂದೇ ಮಾಡಿದಳು. ಆಮೇಲೆ ಅಂಚುಗಳನ್ನೆಲ್ಲ ಮತ್ತೆ ಬಣ್ಣದಿಂದ ತಿದ್ದಿದಳು. ಅಪ್ಪಿಯ ಮೊಣಕಾಲಿನ ಕಂದು ಬಣ್ಣ ಕೋಣದ ಹೊಟ್ಟೆಗೆ ಹರಿಯಿತು, ಕೋಣದ ಬೆನ್ನಿನ ಹೊಳಪು ಅಪ್ಪಿಯ ತೋಳಿಗೆ ಬಂತು, ದಂಡೆಯ ಒದ್ದೆ ಹೊಯಿಗೆಯಲ್ಲಿ ಇಬ್ಬರ ಬಣ್ಣವೂ ಒಟ್ಟಿಗೆ ಇಳಿಯಿತು. ಚರ್ಮ ಎಲ್ಲಿ ಮುಗಿಯಿತು, ಉಳಿದ ಲೋಕ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಇನ್ನು ಯಾರಿಗೂ ಸಾಧ್ಯವಿರಲಿಲ್ಲ. ಕೊನೆಗೆ ಹಳೆಯ ಫೈಲನ್ನು ಅಳಿಸಿಹಾಕಿದಳು. ಮಂಗಳೂರಿನಲ್ಲಿ ಇಂಥ ಕೆಲಸ ಬೀದಿಬೀದಿಗೆ ಬಿದ್ದಿಲ್ಲ, ಕಳೆದುಕೊಂಡರೆ ಮತ್ತೆ ಫ್ಲೆಕ್ಸ್ ಅಂಗಡಿಯಲ್ಲಿ ಮದುವೆಯ ಶುಭಾಶಯ ಬರೆಯಬೇಕಾದೀತು ಎಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ವಿಭವ ಫೈಲು ತೆರೆದ. "ಸ್ಕಿನ್ ಲೇಯರ್ ಎಲ್ಲಿ ಉಂಟು?"

"ಇಲ್ಲ ಸರ್."

"ಇಲ್ಲ ಅಂದ್ರೆ ಎಂತ?"

"ಎಲ್ಲ ಒಟ್ಟಿಗೇ ಉಂಟು. ಬೇರೆ ಮಾಡ್ಲಿಕ್ಕೆ ಆಗುದಿಲ್ಲ."

ವಿಭವ ಸ್ಲೈಡರನ್ನು ಬಲಕ್ಕೆ ಎಳೆದ. ಅಪ್ಪಿಯ ಜೊತೆಗೆ ಕೋಣಗಳೂ ಬಿಳುಚಿದವು, ಇನ್ನೂ ಎಳೆದಾಗ ಗಂಧದ ಬಣ್ಣಕ್ಕೆ ತಿರುಗಿದವು. ಡೆರಿಲ್ ಬಿಡಿಸಿದ್ದ ಕಡಲು ಮಜ್ಜಿಗೆಯಾಯಿತು. ಡೆರಿಲ್ ನಗು ತಡೆಯಲು ನೀರಿನ ಬಾಟಲಿಯನ್ನು ಬಾಯಿಗೆ ಇಟ್ಟುಕೊಂಡ.

"ಹಳೇ ಫೈಲ್ ಕೊಡು."

"ಡಿಲೀಟ್ ಮಾಡಿದೆ ಸರ್."

ವಿಭವನ ಮುಖ ಕೆಂಪಾಯಿತು. "ನಿರೀಕ್ಷಾ, ನಿನಗೆ ಕೆಲಸ ಬೇಕಾ, ಬೇಡವಾ?"

"ಬೇಕು ಸರ್. ಆದ್ರೆ ಅಪ್ಪಿಯನ್ನು ನಾನು ಬೆಳ್ಳಗೆ ಮಾಡುದಿಲ್ಲ. ಬೇರೆಯವರಿಗೆ ಮಾಡ್ಲಿಕ್ಕೆ ಬಿಡುದೂ ಇಲ್ಲ."

ಅವನು ಉತ್ತರ ಕೊಡುವ ಮೊದಲೇ ಕಾಲ್ ಬಂತು. ಪರದೆಯ ಒಂದು ಬದಿಗೆ ಬೆಂಗಳೂರಿನ ಮೇಡಂ, ಇನ್ನೊಂದು ಬದಿಗೆ ಇವರು ಮೂವರು, ನಡುವೆ ಅಪ್ಪಿ.

"ಇದೇನ್ರೀ, ಹಾಗೇ ಇದೆಯಲ್ಲಾ?" ಎಂದರು ಮೇಡಂ. "ಸ್ವಲ್ಪ ಫೇರ್ ಮಾಡಿ ಅಂದಿದ್ದೆ. ನೋಡಿ, ಮಕ್ಕಳು ಹೀರೋಯಿನ್ ಅಂತ ಒಪ್ಕೋಬೇಕಲ್ವಾ? ನಮ್ಮವಳು ಅನ್ನಿಸ್ಬೇಕು."

ವಿಭವ ಕೆಮ್ಮಿ ಬಾಯಿ ತೆರೆದ. ಅವನಿಗಿಂತ ಮೊದಲು ನಿರೀಕ್ಷಾ ಮಾತಾಡಿದಳು. "ನಮ್ಮವಳು ಅಂದ್ರೆ ಯಾವ ಬಣ್ಣ ಅಂತ ಈಗಲೇ ನೋಡುವ ಮೇಡಂ."

ಅವಳು ಪರದೆಯ ಮೇಲಿದ್ದ ನಾಲ್ವರ ಮುಖಗಳನ್ನೂ ಇದ್ದ ಹಾಗೆಯೇ ಚಿತ್ರವಾಗಿ ಹಿಡಿದು, ಆ ಐದು ಚೌಕಗಳ ಪಕ್ಕ ತಂದಿಟ್ಟಳು. ಬಣ್ಣ ಹೀರುವ ಪಿಕ್ಕರ್ ಎಂಬ ಉಪಕರಣವಿದೆ, ಅದನ್ನು ಚಿತ್ರದ ಯಾವ ಜಾಗಕ್ಕೆ ಒತ್ತಿದರೂ ಅಲ್ಲಿಯ ಬಣ್ಣವನ್ನು ಎತ್ತಿ ತೋರಿಸುತ್ತದೆ. ಮೊದಲು ತನ್ನ ಕೆನ್ನೆಗೆ ಒತ್ತಿದಳು. ಕಳ್ಳ. ಡೆರಿಲ್‌ನ ಹಣೆಗೆ ಒತ್ತಿದಳು. ಕಳ್ಳ.

"ನನಗೆ ಗೊತ್ತಿತ್ತು," ಎಂದ ಡೆರಿಲ್.

ವಿಭವನ ಮೂಗಿಗೆ ಒತ್ತಿದಳು. ಅವನು ಎಲ್ಲರಿಗಿಂತ ಬೆಳ್ಳಗಿದ್ದವನು, ಮನೆಯವರ ಲೆಕ್ಕದಲ್ಲಿ ಕೆಂಪಗಿನ ಹುಡುಗ. ಆ ಟ್ಯೂಬ್‌ಲೈಟಿನ ಕೆಳಗೆ ಅವನ ಬಣ್ಣ ಅಜ್ಜಿಯ ಚೌಕವನ್ನು ದಾಟಿ ಕಳ್ಳನ ಹೊಸ್ತಿಲಲ್ಲಿ ನಿಂತಿತು. ವಿಭವ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡ.

"ನನ್ನದು?" ಎಂದು ಮೇಡಂ ತಾವಾಗಿಯೇ ಕೇಳಿದರು. ಕೇಳಬಾರದಿತ್ತು. ಅವರದೂ ಕಳ್ಳನದೇ.

"ಹೀರೋಯಿನ್ ಯಾರು ಅಂತ ನೋಡುವ," ಎಂದು ನಿರೀಕ್ಷಾ ಪಿಕ್ಕರನ್ನು ಮುಖಗಳಿಂದ ಆಚೆ ತಂದು, ವಿಭವನ ಬೆನ್ನ ಹಿಂದಿದ್ದ ಡಿಸ್ಟೆಂಪರ್ ಗೋಡೆಗೆ ಒತ್ತಿದಳು. ಮೊದಲನೆಯ ಚೌಕಕ್ಕೆ ಅದು ಕರಾರುವಾಕ್ಕಾಗಿ ಹೊಂದಿತು. "ಇಲ್ಲಿ ಹೀರೋಯಿನ್ ಅಂತ ಇರುದು ಈ ಗೋಡೆ ಮಾತ್ರ ಮೇಡಂ. ಗೋಡೆ ಕೋಣ ಕಾಯ್ಲಿಕ್ಕೆ ಹೋಗುದಿಲ್ಲ."

"ವಿಭವ್, ನಿಮಗೆ ಆಮೇಲೆ ತಿಳಿಸ್ತೀನಿ," ಎಂದು ಹೇಳಿ ಮೇಡಂ ಕಾಣೆಯಾದರು.

"ಇವತ್ತು ಮನೆಗೆ ಹೋಗು," ಎಂದ ವಿಭವ. ಅವಳ ಮುಖ ನೋಡಲಿಲ್ಲ. "ನಾಳೆ ಬರುದಾ ಬೇಡವಾ ಅಂತ ಮೆಸೇಜ್ ಮಾಡ್ತೇನೆ."

ಅವಳು ಬ್ಯಾಗು ಎತ್ತಿಕೊಂಡಳು. ಎತ್ತಿಕೊಂಡು, ಮತ್ತೆ ಬಗ್ಗಿ, ಐದನೆಯ ಚೌಕದ ಹೆಸರನ್ನು ಅಳಿಸಿ ಬಾಗಿ ಎಂದು ಬರೆದಳು. ಸ್ಟುಡಿಯೋದ ಎಲ್ಲ ಕಂಪ್ಯೂಟರುಗಳಿಗೂ ಇರುವುದು ಒಂದೇ ಬಣ್ಣದ ಪಟ್ಟಿ. ಡೆರಿಲ್‌ನ ಪರದೆಯಲ್ಲೂ ವಿಭವನ ಪರದೆಯಲ್ಲೂ ಕಳ್ಳ ಹೋಗಿ ಬಾಗಿ ಬಂದು ಕೂತರು.

ಬಸ್ಸಿನಲ್ಲಿ ಕೂತು, ಮೆಸೇಜು ಬಂತೇ ಎಂದು ಮತ್ತೆ ಮತ್ತೆ ಫೋನು ನೋಡಿದಳು. ಹೆದರಿಕೆ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಾಡಿದ್ದು ತಪ್ಪು ಎಂದು ಒಂದು ಕ್ಷಣಕ್ಕೂ ಅನ್ನಿಸಲಿಲ್ಲ.

ಅವಳು ಮನೆ ಮುಟ್ಟಿದಾಗ ಜಗಲಿಯಲ್ಲಿ ಇನ್ನೂ ಬಿಸಿಲಿತ್ತು. ಅಜ್ಜಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. "ಬೇಗ ಬಂದೆ? ಆ ಮಗುವನ್ನು ಬೆಳ್ಳಗೆ ಮಾಡಿದೆಯಾ?"

"ಇಲ್ಲ ಅಜ್ಜಿ. ಮಾಡುವುದಿಲ್ಲ ಅಂದೆ."

"ಯಾರಿಗೆ?"

"ಎಲ್ಲರಿಗೂ."

ಅವಳು ನಡೆದದ್ದನ್ನೆಲ್ಲ ಹೇಳಿದಳು, ಚೌಕದ ಹೆಸರನ್ನು ಕೂಡ. ಮೊದಲು ಏನಿತ್ತು, ಈಗ ಏನಿದೆ ಎಂದು. ಮೊದಲಿನ ಹೆಸರು ಕೇಳಿದಾಗ ಅಜ್ಜಿಯ ಕೈ ಭರಣಿಯ ಮೇಲೆ ಹಾಗೆಯೇ ನಿಂತಿತು. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ವಿಭವನ ಮೆಸೇಜು. ಅವಳು ಅದನ್ನು ಅಜ್ಜಿಗೆ ಕೇಳುವಂತೆ ಓದಿದಳು: 'ಕ್ಲೈಂಟ್ ಒಪ್ಪಿದ್ರು. ಎರಡು ಬೇಡವಂತೆ, ಒಂದು ಶೇಡ್ ಮಾಡಿದ್ರೆ ಸಾಕಂತೆ. ನಿನ್ನ ಮಾತೂ ಉಳಿಯಿತು, ನನ್ನದೂ ಉಳಿಯಿತು. ಮಾಡಿ ಕಳಿಸು, ನಾಳೆ ಕೆಲಸಕ್ಕೆ ಬಾ.'

"ಎಂತ ಹೇಳುವುದು ಅವನು?" ಎಂದು ಅಜ್ಜಿ ಕೇಳಿದರು.

"ಅರ್ಧ ಬುಟ್ಟಿ ಮಾತ್ರ ಇಳಿಸ್ತೇವೆ ಅಂತ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು. "ಅವಳನ್ನು ತೋರಿಸು," ಎಂದರು. ಟ್ಯಾಬ್ಲೆಟನ್ನು ಮಡಿಲಲ್ಲಿ ಇಟ್ಟುಕೊಂಡು ಈ ಸಲ ಚಿತ್ರದ ತೀರ ಹತ್ತಿರಕ್ಕೆ ಬಗ್ಗಿದರು. ಅಪ್ಪಿಯ ಕಿವಿಯ ಕೆಂಪಿನ ಮೇಲೆ ಬೆರಳಿಟ್ಟು ನೋಡಿದರು, ಆಮೇಲೆ ತಮ್ಮ ಕಿವಿಯನ್ನು ಮುಟ್ಟಿಕೊಂಡರು.

"ಇವಳ ತಲೆಯ ಮೇಲೆ ಬುಟ್ಟಿ ಇಲ್ಲವಲ್ಲ?"

"ಕಥೆಯಲ್ಲಿ ಬುಟ್ಟಿ ಇಲ್ಲ ಅಜ್ಜಿ."

"ಇಡು ಒಂದು."

ನಿರೀಕ್ಷಾ ಪೆನ್ನು ತೆಗೆದುಕೊಂಡು ಬಿಡಿಸಿದಳು. ಅಜ್ಜಿ ಪಕ್ಕದಲ್ಲಿ ಕೂತು ಹೇಳುತ್ತ ಹೋದರು. ಕವುಚಿ ಬೇಡ, ನೆಟ್ಟಗೆ ಇಡು. ಖಾಲಿ ಬೇಡ, ತುಂಬಿಸು. ಬಸಳೆ ಹಾಕು, ತೆಂಗಿನಕಾಯಿ ಹಾಕು, ಇನ್ನೂ ಹಾಕು, ಹೊರಗೆ ಬೀಳುವಷ್ಟು ಹಾಕು. ಅಪ್ಪ ಬಂದು ಹಿಂದೆ ನಿಂತು ನೋಡಿದರು. ಬುಟ್ಟಿಯ ಬಿದಿರಿನ ಹಳದಿ ಅಪ್ಪಿಯ ಹಣೆಯಲ್ಲಿ ಪ್ರತಿಫಲಿಸಿತು, ಹಣೆಯ ಕಂದು ಬಣ್ಣ ಬುಟ್ಟಿಯ ಅಡಿಗೆ ಏರಿತು.

"ಮುಗಿಯಿತಾ?" ಎಂದು ಕೇಳಿದಳು ನಿರೀಕ್ಷಾ.

"ಇಲ್ಲ. ಎಲ್ಲದರ ಮೇಲೆ ಒಂದು ಗಿಂಡಿ ಇಡು. ಹಿತ್ತಾಳೆಯದ್ದು. ಹೊಳೆಯಬೇಕು, ದೂರದಿಂದಲೇ ಕಾಣಬೇಕು."

ನಿರೀಕ್ಷಾ ಗಿಂಡಿ ಬಿಡಿಸಿ, ಅದರ ಹೊಟ್ಟೆಯ ಮೇಲೆ ಮಧ್ಯಾಹ್ನದ ಸೂರ್ಯನನ್ನು ಇಟ್ಟಳು. ಆಮೇಲೆ ಚಿತ್ರವನ್ನು ವಿಭವನಿಗೆ ಕಳಿಸಿ, ಕೆಳಗೆ ಬರೆದಳು: 'ಒಂದು ಶೇಡೂ ಇಲ್ಲ ಸರ್. ಬುಟ್ಟಿಯಲ್ಲಿ ಗಿಂಡಿ ಉಂಟು.'

"ಕದ್ದದ್ದಾ ಅಂತ ಕೇಳಿದರೆ?" ಎಂದರು ಅಪ್ಪ.

"ಕೇಳಲಿ," ಎಂದರು ಬಾಗಿ. "ಅವಳದ್ದೇ ಅಂತ ಹೇಳು. ಇಳಿಸುವ ಧೈರ್ಯ ಯಾರಿಗೆ ಉಂಟು ಅಂತ ನೋಡುವ."